ಹೊಡೆದವನು ನಮ್ಮ ಮುಸವ್ವಿರ್ ಅಲ್ಲ

ಕಬಡ್ಡಿ ಸಂಘದ ಮಾನ್ಯ ಅಧ್ಯಕ್ಷರೇ,

ಕಳೆದ ತಿಂಗಳು ನಾಗಮಂಗಲದ ಫೈನಲ್ ಪಂದ್ಯದಲ್ಲಿ ತೀರ್ಪುಗಾರರ ಕೆನ್ನೆಗೆ ಹೊಡೆದದ್ದಕ್ಕಾಗಿ ನಮ್ಮ ಬಾಬುರಾಯನಕೊಪ್ಪಲಿನ ಮುಸವ್ವಿರ್ ಎರಡು ವರ್ಷ ಆಡುವಂತಿಲ್ಲವೆಂದು ಜಿಲ್ಲಾ ಸಮಿತಿಯ ಆದೇಶ ಬಂದಿದೆ. ಆ ಏಟು ಬಿದ್ದ ಗಳಿಗೆಯಲ್ಲಿ ಮುಸವ್ವಿರ್ ನನ್ನ ಪಕ್ಕ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದ. ಇದು ನಿಮಗೂ ಗೊತ್ತು. ಅವನನ್ನು ಹೊರಗೆ ಕೂರಿಸಿದವರೇ ನೀವು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ತಾಲ್ಲೂಕಿನ ತಂಡದಲ್ಲಿ ತಾಲ್ಲೂಕಿನವರೇ ಆಡಬೇಕೆಂಬುದು ಆ ಪಂದ್ಯಾವಳಿಯ ನಿಯಮ. ಹೇಗಾದರೂ ಕಪ್ ಬರಬೇಕೆಂಬುದು ತಮ್ಮ ಆಸೆ. ಎರಡನ್ನೂ ಕೂಡಿಸಲು ತಾವು ಕಂಡುಕೊಂಡ ದಾರಿ ಬಲು ಸಲೀಸು. ದುಡ್ಡು ಕೊಟ್ಟು ಬೆಂಗಳೂರಿನಿಂದ ಐದು ಜನರನ್ನು ಕರೆಸಿ, ನಮ್ಮ ಐದು ಹುಡುಗರ ಹೆಸರುಗಳನ್ನು ಅವರಿಗೆ ಹಂಚಿದಿರಿ. ಮೈಕಿನಲ್ಲಿ ಮುಸವ್ವಿರ್‌ಗೆ ಎರಡು ಅಂಕ ಎಂದು ಕೂಗಿದಾಗ, ಇವನಂತೆಯೇ ಹೊರಗೆ ಕುಳಿತಿದ್ದ ತಿಮ್ಮರಾಜು, "ಏನ್ಲಾ, ಕೋರ್ಟಲ್ಲೂ ನೀನೆ, ನನ್ ಪಕ್ಕದಲ್ಲೂ ನೀನೆ. ದೇವ್ರಾಗ್ಬುಟ್ಟೆ ಕಣ್ಲಾ" ಎಂದ. "ಅಂಗಾರೆ ಕಡ್ಲೆಕಾಯಿ ಇತ್ತಗೆ ಕೊಡ್ಲಾ, ದೇವ್ರಿಗೆ ಮೊದ್ಲು" ಎಂದು ಇವನೂ ನಕ್ಕ. ನಾನೂ ನಕ್ಕೆ.

ಇಷ್ಟೆಲ್ಲ ಮಾಡಿ ಕಪ್ಪಾದರೂ ಬಂತೇ? ತಿಮ್ಮರಾಜು, ಮುಸವ್ವಿರ್ ಆರು ವರ್ಷದಿಂದ ಕೈ ಕೈ ಹಿಡಿದು ಎದುರಾಳಿಯನ್ನು ಕಟ್ಟಿಹಾಕುತ್ತ ಬಂದವರು. ಒಬ್ಬ ಬಗ್ಗಿದರೆ ಇನ್ನೊಬ್ಬ ತಿರುಗಿ ನೋಡದೆ ಬಗ್ಗುತ್ತಾನೆ. ತಮ್ಮ ಬಾಡಿಗೆ ಜೋಡಿ ಅಂದು ಬೆಳಿಗ್ಗೆ ಬಸ್ಸಿನಲ್ಲಿ ಪರಿಚಯವಾದವರು. ಕೊನೆಯ ರೈಡಿನಲ್ಲಿ ಕೈ ಬಿಟ್ಟುಕೊಂಡರು, ಎದುರಾಳಿ ನಡುವೆ ನುಸುಳಿದ, ಸೋತೆವು. ಆ ಸಿಟ್ಟಿಗೆ ಅವರಲ್ಲೊಬ್ಬ ತೀರ್ಪುಗಾರರಿಗೆ ಬಾರಿಸಿ ಸಂಜೆಯ ಬಸ್ಸು ಹತ್ತಿದ. ಅವನಿಗೆ ಕೊಟ್ಟಿದ್ದ ಹೆಸರು ಮಾತ್ರ ಇಲ್ಲೇ ಉಳಿಯಿತು.

ಹೊರಗಿನವರು ಬೇಡವೇ ಬೇಡ ಎನ್ನುವ ಮೊಂಡ ನಾನಲ್ಲ. ತೊಂಬತ್ತಮೂರರಲ್ಲಿ ಪಾಂಡವಪುರದಿಂದ ಬಂದ ಶಿವಲಿಂಗಯ್ಯ ಹದಿನೈದು ದಿನ ನಮ್ಮಲ್ಲೇ ಮುದ್ದೆ ಉಂಡು, ಕಾಲು ಹಿಡಿಯುವ ಪಟ್ಟು ಕಲಿಸಿ ಹೋದ. ಅಂಥವರಿಗೆ ಖರ್ಚು ಮಾಡಿ. ನಿಯಮ ಒಪ್ಪುವ ಕಡೆ ಇಬ್ಬರು ಹೊರಗಿನವರು ಆಡಲಿ, ತಂತಮ್ಮ ಹೆಸರಿನಲ್ಲೇ. ಉಳಿದ ಐವರು ನಮ್ಮವರಿರಲಿ. ತಮಗೆ ಕಬಡ್ಡಿ ಕಲಿಸಲು ಯಾವ ಬೆಂಗಳೂರಿನವನು ಬಂದಿದ್ದ? ಆಡುವಾಗ ತಮ್ಮ ಚಡ್ಡಿ ಹರಿದ ದಿನ ನನ್ನ ಟವೆಲ್ ಸುತ್ತಿ ಮನೆಗೆ ಕಳಿಸಿದ್ದು ಮರೆತುಹೋಯಿತೇ?

ಮುಂದಿನ ತಿಂಗಳು ಜಿಲ್ಲಾ ತಂಡದ ಆಯ್ಕೆ. ಮುಸವ್ವಿರ್ ಅದಕ್ಕೆಂದೇ ಬೆವರು ಸುರಿಸಿದವನು. ಮೊನ್ನೆ ಅವನ ತಂದೆ, ಟಾಂಗಾ ಓಡಿಸುವ ಮುನಾವರ್ ಪಾಷಾ, ನಮ್ಮ ಜಗಲಿಗೆ ಬಂದು ಕುಳಿತರು. "ದೇವಯ್ಯನೋರೆ, ನಮ್ ಹುಡ್ಗ ಯಾರ್ ಮೇಲೂ ಕೈ ಎತ್ತೋನಲ್ಲ. ಟಾಂಗಾ ಅತ್ತೋರೆಲ್ಲ ಅದ್ನೇ ಕೇಳ್ತಾವ್ರೆ. ನಾನ್ ಏನಂತ ಯೋಳ್ಲಿ?"

ಅಂದು ಮುಸವ್ವಿರ್ ಹೆಸರು ಕೊಡಲು ಹಿಂದೆಮುಂದೆ ನೋಡಿದಾಗ, "ಕೊಡ್ಲಾ ಮಗ, ತಂಡಕ್ಕೆ ತಾನೆ, ಎಸ್ರೇನು ಸವೆದೋಯ್ತದಾ?" ಎಂದವನು ನಾನೇ.

ನಡೆದದ್ದನ್ನು ಇದ್ದ ಹಾಗೆಯೇ ಜಿಲ್ಲಾ ಸಮಿತಿಗೆ ಬರೆದಿಟ್ಟಿದ್ದೇನೆ. ಕೆಳಗೆ ನನ್ನ ಸಹಿ ಹಾಕಿ, ಮೇಲೆ ತಮ್ಮದಕ್ಕೆ ಜಾಗ ಬಿಟ್ಟಿದ್ದೇನೆ. ಸೋಮವಾರದೊಳಗೆ ಬನ್ನಿ. ಅಲ್ಲಿ ತಮ್ಮ ಸ್ವಂತ ಹೆಸರನ್ನೇ ಬರೆಯಬೇಕು.

ಇಂತಿ,
ಹುಡುಗನ ಹೆಸರು ಕೊಡಿಸಿ, ಈಗ ವಾಪಸು ಈಸಿಕೊಡಲಾಗದೆ ಕುಳಿತಿರುವ
ದೇವಯ್ಯ, ಬಾಬುರಾಯನಕೊಪ್ಪಲು