ಅರ್ಜಿಯ ವಿಭಾಗ ಬದಲಿಸುವ ಕುರಿತು

ಚಾಮರಾಜಪೇಟೆ, ಜೂನ್ ೧೯೯೮

ದತ್ತಿನಿಧಿಯ ಅಧ್ಯಕ್ಷರಿಗೆ ವೆಂಕಟಾಚಲನ ನಮಸ್ಕಾರಗಳು.

ನಮ್ಮ ಮೃದಂಗ ಶಾಲೆಗೆ ಅನುದಾನ ಮಂಜೂರಾದ ಪತ್ರ ತಲುಪಿತು. ಹಿಂದೆ ಶಾಲೆ ನೋಡಲು ಬಂದಿದ್ದ ನಿಮ್ಮ ಮ್ಯಾನೇಜರ್ ಮನೋಹರ್ ನಿನ್ನೆ ಮತ್ತೆ ಬಂದಿದ್ದರು, ನಿಮ್ಮ ಹೊಸ ಕಾಂಪ್ಲೆಕ್ಸ್‌ಗೆ ಅಡ್ಡವಾದ ನಮ್ಮ ಬೀದಿಯ ಹೊಂಗೆ ಮರ ಕಡಿಸಲು. ನಾನು ಮರವನ್ನು ತಬ್ಬಿ ನಿಂತೆ.

“ಮೇಷ್ಟ್ರೇ, ನಿಮ್ಮನೇಲಿ ಕಾಫಿ ಕುಡ್ದಿದೀನಿ, ಕೈ ತೆಗೀರಿ” ಎಂದು ಒಮ್ಮೆ ಹೇಳಿದರು. ನಾನು ತೆಗೆಯಲಿಲ್ಲ. ಕೊಡಲಿಯ ಹಿಂಬದಿಯಿಂದ ನನ್ನ ಬಲಗೈ ಬೆರಳುಗಳನ್ನು ಆ ಮರಕ್ಕಿಟ್ಟೇ ಜಜ್ಜಿದರು. ರಕ್ತ ಕಂಡು ಜನ ಸೇರಿದ್ದರಿಂದ ಮರ ಉಳಿಯಿತು.

ದಯವಿಟ್ಟು ನನ್ನ ಅರ್ಜಿಯನ್ನು ಕಲಾ ವಿಭಾಗದಿಂದ ಆರೋಗ್ಯ ವಿಭಾಗಕ್ಕೆ ವರ್ಗಾಯಿಸಿ. ಪರಿಸರ ವಿಭಾಗದ ಕೆಲಸಕ್ಕೆ ಮನೋಹರ್ ಮತ್ತೆ ಬರುವುದಾದರೆ ಬರಲಿ. ಮರದ ಬುಡದಲ್ಲೇ ಕೂತಿದ್ದೇನೆ. ಎಡಗೈ ಇನ್ನೂ ಇದೆ.

ಇತಿ,
ವೆಂಕಟಾಚಲ
(ಮಗಳ ಕೈಯಲ್ಲಿ ಬರೆಸಿದ್ದು)