ರಾಜಕುಮಾರಿಯ ಫ್ರಾಕಿಗೆ ಜೀನ್ಸ್ ಜೇಬು

ರಾಯದುರ್ಗ
20-5-2025, ಮಂಗಳವಾರ

ಚಿ. ಸೌ. ರೇವತಿಗೆ,

ನಿನ್ನ ಅಪ್ಪನ ಮನಸಾರೆ ಆಶೀರ್ವಾದಗಳು. ಇಲ್ಲಿ ನಾನು, ನಿನ್ನ ಮಗಳು ಶಶಿ, ನಿನ್ನ ಚಿಕ್ಕವ್ವ ಚೌಡಿ ಮೂವರೂ ಆರಾಮಾಗಿದ್ದೇವೆ. ಬಿಸಿಲಿನದೇ ಒಂದು ಕಾಟ. ಮಧ್ಯಾಹ್ನ ಹೊಲಿಗೆ ಮಿಷನ್ನಿನ ತಲೆ ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ನಿಮ್ಮತ್ತೆಯ ಕಣ್ಣಿನ ಪಟ್ಟಿ ಬಿಚ್ಚಿದರೆಂದು ಅಳಿಯ ಗಿರೀಶ ಫೋನಿನಲ್ಲಿ ಹೇಳಿದ, ಸಮಾಧಾನವಾಯಿತು.

ಶಶಿಯ ಚೀಲದಲ್ಲಿ ನೀನು ಇಟ್ಟಿದ್ದ ಚೀಟಿಗೆ ಮೂರು ವಾರ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ತಪ್ಪು ತಿಳಿಯಬೇಡ. ಡಿಗ್ರಿ ಪರೀಕ್ಷೆ ಮುಗಿಯುವ ತನಕ ನಿನ್ನ ತಲೆಗೆ ಬೇರೆ ಏನನ್ನೂ ತುಂಬಬಾರದು ಅಂದುಕೊಂಡಿದ್ದೆ. ಕೊನೆಯ ಪೇಪರ್ ನಿನ್ನೆ ಮುಗಿಯಿತಂತೆ. ಫೋನಿನಲ್ಲಿ ಹೇಳೋಣವೆಂದರೆ ನಮ್ಮ ಮನೆಯ ಫೋನ್ ಈಗ ನನ್ನದಲ್ಲ, ನಿನ್ನ ಮಗಳದು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಅದರಲ್ಲಿ ರಾಜಕುಮಾರಿಯರು ಕುಣಿಯಲು ಶುರುಮಾಡುತ್ತಾರೆ. ಈ ಇಪ್ಪತ್ತು ದಿನ ಮಿಷನ್ ತುಳಿಯುತ್ತಲೇ ಒಬ್ಬೊಬ್ಬಳ ಬಾಳನ್ನೂ ನಾಲ್ಕು ನಾಲ್ಕು ಸಲ ನೋಡಿದ್ದೇನೆ. ನಿಜ ಹೇಳುತ್ತೇನೆ ಮಗಳೇ, ನನಗೆ ಹೇಸಿಗೆ ಬಂದುಬಿಟ್ಟಿದೆ.

ಮೊದಲನೆಯವಳ ಮಾತು ಕೇಳು. ನೂಲುವ ಕದಿರು ಬೆರಳಿಗೆ ಚುಚ್ಚಿತಂತೆ, ಅಷ್ಟಕ್ಕೇ ನೂರು ವರ್ಷ ಮಲಗಿದಳಂತೆ. ಥೂ! ನಲವತ್ತು ವರ್ಷದಲ್ಲಿ ನನ್ನ ಬೆರಳಿಗೆ ಸೂಜಿ ಎಷ್ಟು ಸಲ ಹೊಕ್ಕಿದೆಯೋ ಲೆಕ್ಕವಿಲ್ಲ. ಒಂದು ಸಲ ಉಗುರಿನೊಳಗೆ ಮುರಿದೇ ಹೋಗಿತ್ತು, ನೀನೇ ಹಲ್ಲಿನಲ್ಲಿ ಕಚ್ಚಿ ಎಳೆದಿದ್ದೆ. ಅವತ್ತೂ ಸಂಜೆಯವರೆಗೆ ಪ್ಯಾಂಟ್ ಹೊಲಿದೆ. ಅವಳಪ್ಪ ರಾಜ ಇನ್ನೂ ದೊಡ್ಡ ಮನುಷ್ಯ. ಮಗಳಿಗೆ ಚುಚ್ಚೀತೆಂದು ಊರಿನ ರಾಟೆಗಳನ್ನೆಲ್ಲ ಸುಡಿಸಿದ. ನೂಲುವವರು ಏನು ತಿನ್ನಬೇಕು, ಊರಿನ ಜನ ಏನು ಉಡಬೇಕು ಎಂದು ಒಬ್ಬನೂ ಕೇಳಲಿಲ್ಲ. ಕೊನೆಗೆ ಯಾವನೋ ದಾರಿಹೋಕ ಬಂದು, ಮಲಗಿದ ಹುಡುಗಿಗೆ ಮುತ್ತು ಕೊಟ್ಟು, ಅವಳ ಗಂಡನಾದ. ಆಗ ಶಶಿ ನಿಮ್ಮ ಮಡಕಶಿರದ ರಾಗದಲ್ಲಿ ಕೇಳಿದಳು: "ತಾತ, ಅವ್ಳು ಮಲ್ಗವ್ಳಲ್ಲ, ಅವ್ನು ಕೇಳ್ದೇನೇ ಯಾಕ್ ಮುತ್ತಿಟ್ಟ?" ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಹಾಗೆ ಮಾಡಿದ್ದರೆ ಚಪ್ಪಲಿ ಸೇವೆ ಆಗುತ್ತಿತ್ತೆಂದು ಹೇಳಿದೆ. ಅವಳಿಗೆ ಬಹಳ ಖುಷಿಯಾಯಿತು.

ಗಾಜಿನ ಚಪ್ಪಲಿಯವಳನ್ನು ಕಂಡರಂತೂ ಮೈ ಉರಿಯುತ್ತದೆ. ರಾಜಕುಮಾರ ಅವಳ ಕೈ ಹಿಡಿದು ರಾತ್ರಿಯೆಲ್ಲ ಕುಣಿದಿದ್ದಾನೆ, ಬೆಳಗಾದರೆ ಮುಖದ ಗುರುತಿಲ್ಲ! ಚಪ್ಪಲಿ ಹಿಡಿದು ಮನೆ ಮನೆ ಸುತ್ತುತ್ತಾನೆ. ನಾನು ಒಂದು ಸಲ ಸೊಂಟದ ಅಳತೆ ತೆಗೆದ ಗಿರಾಕಿಯ ಮುಖವನ್ನು ಹತ್ತು ವರ್ಷ ಮರೆಯುವುದಿಲ್ಲ. ಇಡೀ ರಾಜ್ಯದಲ್ಲಿ ಒಬ್ಬಳಿಗೇ ಆಗುವ ಅಳತೆ ಯಾವುದಪ್ಪ? ಇಲಿಗಳನ್ನು ಕುದುರೆ ಮಾಡುವ ಶಕ್ತಿಯುಳ್ಳ ಆ ಮುದುಕಿ ಹುಡುಗಿಗೆ ಒಂದು ಹೊಲಿಗೆ ಮಿಷನ್ ಕೊಡಬಾರದಿತ್ತೇ? ಯಾರ ಹಂಗೂ ಇಲ್ಲದೆ ಬದುಕುತ್ತಿದ್ದಳು.

ಮೀನಿನ ಬಾಲದ ಆ ಸಮುದ್ರದವಳು ಎಲ್ಲರಿಗಿಂತ ಹೇಡಿ. ಗಂಡಸಿನ ಹಿಂದೆ ಹೋಗಲು ಕಾಲು ಬೇಕೆಂದು ನಾಲಿಗೆಯನ್ನೇ ಕೊಟ್ಟುಬಂದಳು. ಪಕ್ಕದ ಮಿಷನ್ನಿನ ಗೋಪಣ್ಣ ಅದನ್ನು ನೋಡಿ "ಭಾಳ ಒಳ್ಳೆ ಹುಡುಗಿ ಬಿಡು, ಎದುರು ಮಾತೇ ಆಡಂಗಿಲ್ಲ" ಎಂದ. ನನಗೆ ನಗು ಬರಲಿಲ್ಲ. ಆಡಬೇಕಾದ ಹೊತ್ತಿನಲ್ಲಿ ಬಾಯಿ ಮುಚ್ಚಿ ಕೂತವರನ್ನು ಕಂಡರೆ ನನಗೆ ಈಗೀಗ ವಾಕರಿಕೆ ಬರುತ್ತದೆ.

ಇಷ್ಟೆಲ್ಲ ಬೈದೂ ಶಶಿಗೆ ರಾಜಕುಮಾರಿ ಫ್ರಾಕ್ ಹೊಲಿದಿದ್ದೇನೆ ನೋಡು. 25ಕ್ಕೆ ಅವಳ ಹುಟ್ಟುಹಬ್ಬ, ಅದೇ ಬೇಕೆಂದು ಹಟ. ಹಳದಿ ಸ್ಯಾಟಿನ್, ಮೇಲೆ ನೆಟ್ ಬಟ್ಟೆ, ಕೆಳಗೆ ನಿಗುರಿ ನಿಲ್ಲುವ ಘೇರು. ಜೀನ್ಸ್ ಹೊಲಿದು ಮರಗಟ್ಟಿದ ಕೈ, ಸ್ಯಾಟಿನ್ ಜಾರಿ ಜಾರಿ ಓಡುತ್ತಿತ್ತು. ಹೊಲಿದು ಮುಗಿಸಿ ಎತ್ತಿ ಹಿಡಿದು ನೋಡುತ್ತೇನೆ, ಮುಂದೆ ಎರಡು ಜೀನ್ಸ್ ಜೇಬು! ಪ್ಯಾಂಟಿನ ಹಿಂದೆ ಇರುತ್ತದಲ್ಲ, ಐದು ಮೂಲೆಯದು, ಅದೇ. ಹಳದಿ ಬಟ್ಟೆಯ ಮೇಲೆ ಕಿತ್ತಳೆ ದಾರದ ಎರಡೆರಡು ಸಾಲು ಹೊಲಿಗೆ ಬೇರೆ. ಮನಸ್ಸು ಎಲ್ಲೋ ಇತ್ತು, ಕೈ ತನ್ನ ಅಭ್ಯಾಸದಂತೆ ಜೇಬಿನ ಅಳತೆಯ ರಟ್ಟು ತೆಗೆದುಕೊಂಡು ಬಳಪದ ಗೆರೆ ಎಳೆದು ಕತ್ತರಿಸಿಬಿಟ್ಟಿದೆ. ಗೋಪಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ರಾಜಕುಮಾರಿ ಬೀಡಿ ಕಟ್ಟು ಇಟ್ಕೊಂತಾಳೇನೋ ಮುದ್ದಪ್ಪ?" ಎಂದ. ಬಿಚ್ಚೋಣವೆಂದು ಬ್ಲೇಡು ತೆಗೆದರೆ ನಿನ್ನ ಮಗಳು ಬಿಡಬೇಕಲ್ಲ! ಆಗಲೇ ಒಂದು ಜೇಬಿಗೆ ಹುಣಸೆಬೀಜ, ಇನ್ನೊಂದಕ್ಕೆ ಖಾಲಿ ದಾರದ ರೀಲು ತುಂಬಿಕೊಂಡಾಗಿತ್ತು. "ಈ ರಾಜ್ಕುಮಾರಿಗೆ ಕೈ ಇಕ್ಕಣಕ್ಕೆ ಜಾಗ ಐತೆ" ಎಂದಳು. ಹಾಗೇ ಇರಲಿ ಎಂದು ಬಿಟ್ಟೆ.

ಈಗ ಹೇಳಲೇಬೇಕಾದ ಸಂಗತಿಗೆ ಬರುತ್ತೇನೆ.

ಕಳೆದ ಗುರುವಾರ ಚೌಡಿ ಮಾವಿನಹಣ್ಣು ಹೆಚ್ಚಿ ತಟ್ಟೆಯಲ್ಲಿಟ್ಟು ಶಶಿಯನ್ನು ಕರೆದಳು. ಮಗು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ನಿಂತಿತು. ಯಾಕೆಂದು ಕೇಳಿದರೆ, "ನೀನು ಮಲ್ತಾಯಿ ಅಲ್ವಾ? ಅಮ್ಮ ಹೇಳವ್ಳೆ. ಮೊದ್ಲು ನೀನ್ ತಿನ್ನು" ಎಂದಿತು. ಅದರ ತಲೆಯಲ್ಲಿ ಫೋನಿನ ಇನ್ನೊಂದು ಕಥೆಯ, ವಿಷದ ಹಣ್ಣು ಕೊಡುವ ಮಲತಾಯಿ ರಾಣಿ ಕೂತಿದ್ದಳು. ಚೌಡಿ ತಟ್ಟೆ ತನ್ನತ್ತ ಎಳೆದುಕೊಂಡಳು. ಒಂದು ಹೋಳು ಬಾಯಿಗೆ ಹಾಕಿಕೊಂಡು ಅಗಿದು ನುಂಗಿದಳು. ಆದರೂ ಮಗು ಮುಟ್ಟಲಿಲ್ಲ. ಇವಳು ಬೀಳುತ್ತಾಳೋ ಇಲ್ಲವೋ ಎಂದು ಮುಖವನ್ನೇ ನೋಡುತ್ತ ನಿಂತಿತ್ತು. ಅರುವತ್ತು ದಾಟಿದ ಹೆಂಗಸು ಆರು ವರ್ಷದ ಮಗುವಿನ ಮುಂದೆ, ತಾನು ಸಾಯುವುದಿಲ್ಲವೆಂದು ತೋರಿಸಲು ತಟ್ಟೆ ಹಿಡಿದು ಕೂತಿದ್ದಳು. ಆಮೇಲೆ ಶಶಿ ತಿಂದಳು. ಚೌಡಿ ಹಿತ್ತಿಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಮಗುವನ್ನು ನಾನು ಬೈಯಲಿಲ್ಲ. ಬೈಯಲು ನನಗೆ ಬಾಯಿಯಾದರೂ ಎಲ್ಲಿದೆ? ನೀನು ಚೀಟಿಯಲ್ಲಿ ಬರೆದಿರುವುದೂ ಅದೇ ತಾನೆ, "ಶಶಿಗೆ ಊಟ ನೀನೇ ಬಡಿಸು ಅಪ್ಪ." ಮದುವೆಯಾಗಿ ಹನ್ನೊಂದು ವರ್ಷವಾಯಿತು, ನೀನು ಈ ಮನೆಯ ಹೊಸ್ತಿಲು ದಾಟಿಲ್ಲ. ಮೊನ್ನೆ ಮಗುವನ್ನು ಬಿಡಲು ಬಂದಾಗಲೂ ಬೀದಿಯಲ್ಲೇ ನಿಂತೆ. ಚೌಡಿ ಚೊಂಬಿನಲ್ಲಿ ನೀರು ತಂದು ಕೊಟ್ಟಳು, "ಬಸ್ಸಿಗೆ ಹೊತ್ತಾತು" ಎಂದು ತಿರುಗಿ ಹೋದೆ. ಆ ಚೊಂಬನ್ನು ಅವಳು ಸಂಜೆವರೆಗೆ ಕಟ್ಟೆಯ ಮೇಲಿಂದ ಒಳಗೆ ತರಲಿಲ್ಲ.

ನಿನ್ನ ಸಿಟ್ಟು ನನಗೆ ಗೊತ್ತಿಲ್ಲದ್ದಲ್ಲ. ಟೆಂತಿನಲ್ಲಿ ನೀನು ಶಾಲೆಗೇ ಮೊದಲು ಬಂದೆ. ದೂರದ ಹಾಸ್ಟೆಲ್ ಕಾಲೇಜಿಗೆ ಅರ್ಜಿ ಹಾಕಿದೆ. ಆ ಜೂನ್ ತಿಂಗಳಿಡೀ ದಿನಾ ಪೋಸ್ಟ್ ಆಫೀಸಿಗೆ ಹೋಗಿ ಕೇಳಿ ಬರುತ್ತಿದ್ದೆ. ನಿನ್ನ ಜೊತೆಯವರಿಗೆಲ್ಲ ಸೀಟಿನ ಕಾಗದ ಬಂತು, ನಿನಗೆ ಬರಲಿಲ್ಲ. "ಹೆಣ್ಣುಹುಡುಗಿನ್ನ ಅಷ್ಟು ದೂರ ಯಾಕ್ರಿ ಕಳಸ್ತೀರಿ" ಎಂದು ಚೌಡಿ ಒಂದು ದಿನ ಅಂದಿದ್ದು ನಿನ್ನ ಕಿವಿಗೆ ಬಿದ್ದಿತ್ತು. ಅಷ್ಟು ಸಾಕಾಯಿತು. "ನನ್ನ ಕಾಗದ ಇಕೀನೇ ಒಲಿಗೆ ಹಾಕ್ಯಾಳ" ಎಂದು ನಡುಮನೆಯಲ್ಲಿ ಕೂಗಿ ಅತ್ತೆ. ಅವಳು ಇಲ್ಲವೆಂದಳು, ದೇವರ ಮೇಲೆ ಆಣೆ ಇಟ್ಟಳು. ಮಲತಾಯಿಯ ಆಣೆಯನ್ನು ಯಾರು ನಂಬುತ್ತಾರೆ? ಮಾರನೆಯ ದಿನದಿಂದ ನೀನು ಮೂಲೆಯಲ್ಲಿ ಕೂತು, ಹೊಲಿದ ಜೀನ್ಸಿನಿಂದ ಜೋತುಬಿದ್ದ ದಾರ ಕತ್ತರಿಸಲು ಶುರುಮಾಡಿದೆ. ಮದುವೆಯ ದಿನದವರೆಗೂ ಕತ್ತರಿಸಿದೆ.

ಈ ಕಥೆಗಳಲ್ಲಿ ನನಗೆ ಎಲ್ಲಕ್ಕಿಂತ ಅಸಹ್ಯವಾಗಿ ಕಂಡದ್ದು ಏನು ಗೊತ್ತೇ? ಎಲ್ಲ ಪಾಪವನ್ನೂ ಮಲತಾಯಿಯ ತಲೆಗೆ ಕಟ್ಟುತ್ತಾರೆ. ಅವಳೇನು ಗೋಡೆ ಹಾರಿ ಬಂದಳೇ? ಅಪ್ಪನೇ ತಾಳಿ ಕಟ್ಟಿ ತಂದವನು. ಆ ಅಪ್ಪ ಕಥೆ ಶುರುವಾದ ಐದು ನಿಮಿಷಕ್ಕೆ ಸತ್ತು ಪಾರಾಗುತ್ತಾನೆ. ರಾಜಕುಮಾರಿಯೂ ಅಷ್ಟೇ, ಒಮ್ಮೆಯೂ "ನಮ್ಮಪ್ಪ ಏನು ಮಾಡುತ್ತಿದ್ದ?" ಎಂದು ಕೇಳುವುದಿಲ್ಲ. ಗೋಡೆಗೆ ಹಾಕಿದ ಅವನ ಪಟ ನೋಡಿ ಕಣ್ಣೀರು ಹಾಕುತ್ತಾಳೆ. ಈ ಮಾತನ್ನು ನಾನು ಗಟ್ಟಿಯಾಗಿಯೇ ಅಂದೆ. ಚೌಡಿ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಿ ನನ್ನನ್ನು ನೋಡಿದಳು. "ಹುಡುಗರ ಆಟದ ಪಿಕ್ಚರಿಗೆ ಯಾಕ್ರಿ ಇಷ್ಟು ಸಿಟ್ಟು ಮಾಡ್ಕೊಂತೀರಿ" ಎಂದಳು.

ಭಾನುವಾರ ಹುಟ್ಟುಹಬ್ಬಕ್ಕೆ ನೀನೂ ಗಿರೀಶನೂ ಬನ್ನಿ. ಚೌಡಿ ಹೋಳಿಗೆ ಮಾಡುತ್ತಾಳಂತೆ, ಬೇಳೆ ಈಗಲೇ ಹಸನು ಮಾಡಿಟ್ಟಿದ್ದಾಳೆ. ಪರೀಕ್ಷೆಯಲ್ಲಿ ನೀನು ಪಾಸಾಗುವುದು ಖಂಡಿತ, ನಿನ್ನ ತಲೆ ನಿಮ್ಮವ್ವನದು. ನೂರು ಕಾಲ ಗಂಡ ಮಕ್ಕಳೊಂದಿಗೆ ತಣ್ಣಗಿರು. ಓದುವುದನ್ನು ಇಲ್ಲಿಗೇ ನಿಲ್ಲಿಸಬೇಡ.

ಇಂತಿ ನಿನ್ನ ಅಪ್ಪ,
ಮುದ್ದಪ್ಪ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯವಾಗದ್ದು: ಚೌಡಿ ನಲ್ಲಿಯ ಹತ್ತಿರ ಹೋಗಿದ್ದಾಳೆ. ಬರುವಷ್ಟರಲ್ಲಿ ಬರೆದು ಅಂಟಿಸಿಬಿಡುತ್ತೇನೆ.

ಲಕೋಟೆಯಲ್ಲಿ ಐದು ಮೂಲೆಯ ಒಂದು ರಟ್ಟು ಇದೆ. ಹಿಂದಿನ ಜೇಬಿಗೆ ಗೆರೆ ಎಳೆಯುವ ರಟ್ಟು, ನಿನಗೆ ಚೆನ್ನಾಗಿ ಗೊತ್ತು. ಹದಿನಾರು ವರ್ಷದಿಂದ ನಾನು ಹೊಲಿದ ಪ್ರತಿ ಜೇಬೂ ಅದರ ಅಳತೆಯದೇ, ಶಶಿಯ ಫ್ರಾಕಿನ ಜೇಬೂ ಅದರದೇ. ಅದನ್ನು ನೀರಿನಲ್ಲಿ ನೆನೆಸು. ಅಂಟಿಸಿದ ಗಂಜಿ ಬಿಟ್ಟು ಒಂದು ಕಾಗದ ಕಳಚಿಕೊಳ್ಳುತ್ತದೆ. ಮೂಲೆಗಳಲ್ಲಿದ್ದ ಕಾಲೇಜಿನ ವಿಳಾಸ, ತಾರೀಖು ಕತ್ತರಿಗೆ ಹೋಗಿವೆ. ನಡುವೆ ನಿನ್ನ ಹೆಸರಿದೆ, ಎರಡು ಜಡೆಯ ಫೋಟೋ ಇದೆ.

ನಿನ್ನ ಸೀಟಿನ ಕಾಗದ ಬಂದಿತ್ತು ರೇವತಿ. ಪೋಸ್ಟ್‌ಮ್ಯಾನ್ ನನ್ನ ಕೈಗೇ ಕೊಟ್ಟ. ಆಗ ಕೆಲಸ ತುಂಬಾ ಇತ್ತು, ನಿನ್ನಷ್ಟು ಚುರುಕಾಗಿ ದಾರ ಕತ್ತರಿಸುವ ಕೈ ಇನ್ನೊಂದಿರಲಿಲ್ಲ. ನಿಮ್ಮವ್ವ ಹೋದ ಮೇಲೆ ನೀನೂ ಹೋದರೆ ಎಂಬ ಭಯವೂ ಇತ್ತು. ಯಾವುದು ಹೆಚ್ಚೆಂದು ಕೇಳಬೇಡ, ಕೆಲಸವೇ ಹೆಚ್ಚಾಗಿತ್ತು. ಅಕ್ಷರವಿರುವ ಕಾಗದ ಹರಿಯಬಾರದು, ಸುಡಬಾರದು ಎಂದು ಬೆಳೆದವನು ನಾನು. ಅದಕ್ಕೇ ಗಂಜಿ ಹಚ್ಚಿ, ಅಕ್ಷರ ಒಳಗೆ ಬರುವಂತೆ ರಟ್ಟಿಗೆ ಅಂಟಿಸಿ, ಜೇಬಿನ ಆಕಾರಕ್ಕೆ ಕತ್ತರಿಸಿಬಿಟ್ಟೆ. ಅಕ್ಷರದ ಪಾಪ ನೋಡಿಕೊಂಡೆ, ಮಗಳದು ನೋಡಲಿಲ್ಲ.

ಮಾವಿನಹಣ್ಣಿನ ದಿನ ಚೌಡಿಗೆ ಎಲ್ಲವನ್ನೂ ಹೇಳಿ ಅತ್ತೆ. ಅವಳಿಗೆ ಮೊದಲೇ ಗೊತ್ತಿತ್ತಂತೆ. ನಿನ್ನ ಮದುವೆಗೆ ಎರಡು ವರ್ಷ ಮೊದಲು, ಮಳೆಗಾಲದ ಥಂಡಿಗೆ ಗಂಜಿ ಬಿಟ್ಟು ಕಾಗದ ಎದ್ದಿತ್ತಂತೆ. ಅವಳಿಗೆ ಓದಲು ಬಾರದು, ಆದರೆ ಫೋಟೋ ಕಂಡಿತು. ಅವಳೇ ಹೊಸ ಗಂಜಿ ಕಾಯಿಸಿ ಮತ್ತೆ ಅಂಟಿಸಿ, ಇದ್ದಲ್ಲೇ ಇಟ್ಟಳಂತೆ. "ಯಾಕ ಹೇಳಲಿಲ್ಲ ನೀನು, ಬೈಗಳ ಎಲ್ಲಾ ನಿನಗ ಬಿತ್ತಲ್ಲ" ಎಂದೆ. "ಆ ಹುಡುಗಿಗೆ ಅವ್ವ ಇದ್ದಿಲ್ರಿ. ಅಪ್ಪನಾದ್ರೂ ಇರ್ಲಿ ಅಂತ ಸುಮ್ಕಾದೆ" ಎಂದಳು. ಈಗಲೂ ಬರೆಯಬೇಡಿ ಎನ್ನುತ್ತಾಳೆ.

ಆ ಕಥೆಗಳಲ್ಲಿ ಅಪ್ಪ ಸತ್ತಿರುತ್ತಾನೆ. ನಾನು ಬದುಕಿದ್ದೆ. ನೀನು ನಡುಮನೆಯಲ್ಲಿ ಅಳುವಾಗ ಮೂರು ಮೊಳ ದೂರದಲ್ಲಿ, ನಿನ್ನ ಅಳು ಕೇಳಿಸದಿರಲೆಂದು ಮಿಷನ್ ಜೋರಾಗಿ ತುಳಿಯುತ್ತಿದ್ದೆ.

ನನ್ನೊಂದಿಗೆ ಮಾತು ಬಿಡುವುದಾದರೆ ಬಿಡು. ಭಾನುವಾರ ನಾನು ಗೋಪಣ್ಣನ ಮನೆಯಲ್ಲಿರುತ್ತೇನೆ, ನನ್ನ ಮುಖ ನೋಡಬೇಕಾಗಿಲ್ಲ. ನೀನು ಒಳಗೆ ಬಾ. ಅವಳು ಚೊಂಬು ಕೊಟ್ಟರೆ ನೀರು ಕುಡಿ.