ಬಸುರಿ ಪೈರು

ಲಮ್ಯೈ ಅಕ್ಕಾ,

ನೀನು ಹೋದ ಕಡೆಗೆ ಅಂಚೆಯಿಲ್ಲವೆಂದು ಗೊತ್ತು. ಆದರೂ ಇವತ್ತಿನ ಸುದ್ದಿಯನ್ನು ಬೇರೆ ಯಾರಿಗೆ ಹೇಳಲಿ?

ನೀನು ಜೀವನವಿಡೀ ದುಡಿದ ಭತ್ತದ ಸಂಶೋಧನಾ ಕೇಂದ್ರದ ಜಾಗವನ್ನು ಅಂಗಡಿ ಮಳಿಗೆ ಕಟ್ಟಲು ಕೊಟ್ಟಿದ್ದಾರೆ. ಬೆಳಿಗ್ಗೆ ಬುಲ್ಡೋಜರ್ ಬಂತು. ಬರಿಯ ಮಣ್ಣು ಎಷ್ಟು ಕಾಲ ಅನ್ನ ಕೊಡುತ್ತದೆಂದು ನೋಡಲು ಅಪ್ಪನ ಕಾಲದಿಂದ ಗೊಬ್ಬರ ಹಾಕದೆ ಬೆಳೆಯುತ್ತಿದ್ದಿರಲ್ಲ, ಆ ಗದ್ದೆಯಲ್ಲಿ ಪೈರು ತೆನೆಯನ್ನು ಒಡಲಲ್ಲಿಟ್ಟುಕೊಂಡು ಹೊಡೆ ತುಂಬಿ ನಿಂತಿತ್ತು. ಮೂನ್ ನದಿ ಉಕ್ಕಿ ನಮ್ಮೂರ ಬೀಜವೆಲ್ಲ ಕೊಚ್ಚಿಹೋದ ವರ್ಷ, ಈ ಕೇಂದ್ರ ಕಾಪಿಟ್ಟಿದ್ದ ಬೀಜದಿಂದಲೇ ಅಲ್ಲವೇ ಊರು ಮತ್ತೆ ಉಂಡದ್ದು?

ನೀನು ಇಡುತ್ತಿದ್ದೆಯಂತಲ್ಲ, ಹಾಗೆಯೇ ಬದುವಿನ ಮೇಲೆ ಹುಳಿ ಕಿತ್ತಳೆ, ಕನ್ನಡಿ, ಬಾಚಣಿಗೆ ಇಟ್ಟು ಕೂತೆ.

ಚಾಲಕ ಕೆಳಗಿಳಿದ. “ಏನಜ್ಜೀ, ನನ್ ಗಾಡಿಗೆ ತಲೆ ಬಾಚ್ತೀರಾ?”

“ನಿನ್ ಗಾಡಿಗಲ್ವೋ, ಭತ್ತದ ತಾಯಿ ಫೋಸೊಪ್‌ಗೆ. ಬಸುರಿ ಅವಳು, ಬಾಯಿಗೆ ಹುಳಿ ಬೇಕು. ನಿಮ್ಮವ್ವ ಹೇಳ್ಕೊಡ್ಲಿಲ್ವಾ?”

ಅವನ ನಗು ನಿಂತಿತು. ಪೈರಿಗೆ ಕೈಮುಗಿದ. “ನಮ್ಮವ್ವನೂ ಇಡ್ತಿದ್ಲು. ಬಸುರಿ ಮೇಲೆ ಗಾಡಿ ಹತ್ಸಲ್ಲ ಅಜ್ಜೀ. ಹೆರಿಗೆ ಆಗ್ಲಿ. ಕೊಯ್ಲು ಮುಗಿದ ಮಾರನೇ ದಿನ ಬರ್ತೀನಿ.” ಅವನ ಮೇಲಿನವರೂ ಅಷ್ಟಕ್ಕೆ ಒಪ್ಪಿದರು.

ಪ್ರತಿ ಸುಗ್ಗಿಗೂ ನೀನು ಬಾ ಎನ್ನುತ್ತಿದ್ದೆ. ಆ ಬದುವಿನ ಮೇಲೆ ನಾನು ಕೂತದ್ದು ಇವತ್ತೇ ಮೊದಲು. ತಂಪಾಗಿತ್ತು ಅಕ್ಕಾ.

ಹುಟ್ಟಿದಾಗಿನಿಂದ ‘ಬೇಗ ಮಾಗು ತಾಯೀ’ ಎಂದು ಬೇಡಿದವಳು ನಾನು. ಇವತ್ತು ‘ತಡಮಾಡು’ ಎಂದು ಬೇಡಿ ಬಂದಿದ್ದೇನೆ.

ನಿನ್ನ ತಂಗಿ,
ಚಲಾವ್